ಫಾರ್ಮುಲಾ ಒನ್: ಅರ್ಹತೆಯೋ, ಪಗಡಿಯೋ?

ಯಾವುದೇ ವ್ಯಾಪಾರಕ್ಕೆ ಹೊಸಬನೊಬ್ಬನು ಪ್ರವೇಶಿಸಬಯಸಿದಾಗ ಎರಡು ಪ್ರಶ್ನೆಗಳು ಸಹಜವಾಗಿ ಏಳುತ್ತವೆ. ಆ ವ್ಯಾಪಾರವನ್ನು ನಡೆಸುವ ಬಂಡವಾಳವೂ ಅನುಭವವೂ ಅವನಿಗೆ ಇವೆಯೇ ಎಂಬುದು ಮೊದಲನೆಯದು. ಅವನು ಬಂದರೆ ಈಗಾಗಲೇ ಅಂಗಡಿ ತೆರೆದು ಕುಳಿತವರ ಗಲ್ಲಾಪೆಟ್ಟಿಗೆ ಎಷ್ಟು ಹಗುರಾದೀತು ಎಂಬುದು ಎರಡನೆಯದು. ಮೊದಲನೆಯದು ಅರ್ಹತೆಯ ಪ್ರಶ್ನೆ. ಎರಡನೆಯದು ಹಿತಾಸಕ್ತಿಯ ಪ್ರಶ್ನೆ. ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಮೊದಲನೆಯದರ ಉತ್ತರವೆಂದು ಸಾರುವುದು ವ್ಯಾಪಾರ ಲೋಕದಲ್ಲಿ ಹಳೆಯ ರೂಢಿ. ಮೋಟಾರು ಪಂದ್ಯಗಳಲ್ಲಿ ಅತ್ಯುನ್ನತವೆನಿಸಿದ ಫಾರ್ಮುಲಾ ಒನ್‌ನಲ್ಲಿ ಯಾವ ತಂಡಕ್ಕೆ, ಯಾವ ಚಾಲಕನಿಗೆ ಸ್ಥಾನ ಸಲ್ಲಬೇಕು ಎಂಬ ಚರ್ಚೆಯೂ ಇದೇ ಗೊಂದಲದಲ್ಲಿ ಸಿಲುಕಿಕೊಂಡಿದೆ.

ಇತ್ತೀಚಿನ ಪ್ರಕರಣವನ್ನೇ ನೋಡಬಹುದು. ಅಮೆರಿಕದ ಆಂಡ್ರೆಟ್ಟಿ ಸಂಸ್ಥೆಯು ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್ ಹೆಸರಿನೊಡನೆ ಹನ್ನೊಂದನೆಯ ತಂಡವಾಗಿ ಬರಲು ಅರ್ಜಿ ಸಲ್ಲಿಸಿತು. ಕ್ರೀಡೆಯ ನಿಯಂತ್ರಕ ಸಂಸ್ಥೆಯಾದ ಎಫ್‌ಐಎ ತಾಂತ್ರಿಕ ಹಾಗೂ ಆರ್ಥಿಕ ಪರಿಶೀಲನೆ ನಡೆಸಿ 2023ರ ಅಕ್ಟೋಬರ್‌ನಲ್ಲಿ ಈ ಒಂದು ಅರ್ಜಿಗೆ ಮಾತ್ರ ಒಪ್ಪಿಗೆ ನೀಡಿತು. ಆದರೆ ಪಂದ್ಯಗಳ ವಾಣಿಜ್ಯ ಹಕ್ಕುಗಳನ್ನು ಹೊಂದಿರುವ, ಲಿಬರ್ಟಿ ಮೀಡಿಯಾ ಒಡೆತನದ ಫಾರ್ಮುಲಾ ಒನ್ ಸಂಸ್ಥೆಯು 2024ರ ಜನವರಿ 31ರಂದು ಅದೇ ಅರ್ಜಿಯನ್ನು ತಳ್ಳಿಹಾಕಿತು. ಅರ್ಜಿದಾರರು ಸಮರ್ಥ ಪೈಪೋಟಿ ನೀಡಲಾರರು, ಅವರ ಬರವಿನಿಂದ ಪಂದ್ಯಾವಳಿಯ ಮೌಲ್ಯವೇನೂ ಹೆಚ್ಚದು ಎಂಬುದು ಅದರ ವಾದವಾಗಿತ್ತು. ಅಮೆರಿಕದ ನ್ಯಾಯ ಇಲಾಖೆಯು ಈ ಕುರಿತು ತನಿಖೆ ನಡೆಸುತ್ತಿರುವುದನ್ನು 2024ರ ಆಗಸ್ಟ್‌ನಲ್ಲಿ ಲಿಬರ್ಟಿ ಮೀಡಿಯಾವೇ ತಿಳಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ, ಮೈಕೆಲ್ ಆಂಡ್ರೆಟ್ಟಿ ಹಿಂದೆ ಸರಿದು ಜನರಲ್ ಮೋಟಾರ್ಸ್ ಮುಂದೆ ನಿಂತ ಮೇಲೆ, ಹೆಚ್ಚು ಕಡಿಮೆ ಅದೇ ಯೋಜನೆಗೆ ತಾತ್ವಿಕ ಒಪ್ಪಿಗೆ ದೊರೆಯಿತು. 2025ರ ಮಾರ್ಚ್‌ನಲ್ಲಿ, 2026ರ ಋತುವಿನಿಂದ ಸ್ಪರ್ಧಿಸಲು ಅಂತಿಮ ಅನುಮತಿ ಬಂದಿತು. ಪ್ರವೇಶಕ್ಕಾಗಿ ತೆತ್ತ ಮೊತ್ತ 45 ಕೋಟಿ ಡಾಲರ್ ಎಂದು ವ್ಯಾಪಕವಾಗಿ ವರದಿಯಾಗಿದೆ.

ಜನವರಿಯಲ್ಲಿ ಅನರ್ಹರಾಗಿದ್ದವರು ನವೆಂಬರ್‌ನಲ್ಲಿ ಅರ್ಹರಾದರು. ಈ ನಡುವೆ ಅವರ ಕಾರು ಒಂದು ಪಂದ್ಯದಲ್ಲಿಯೂ ಓಡಿರಲಿಲ್ಲ. ಹಾಗಿದ್ದಲ್ಲಿ ಅಳೆಯಲ್ಪಟ್ಟದ್ದು ಏನು?

ಗಡಿಯಾರ ನೀಡುತ್ತಿದ್ದ ತೀರ್ಪು

ಈ ಕ್ರೀಡೆಯಲ್ಲಿ ಅರ್ಹತೆಯನ್ನು ನಿರ್ಧರಿಸುವ ಸುಲಭವಾದ, ನಿಷ್ಪಕ್ಷಪಾತವಾದ ವಿಧಾನವೊಂದು ಹಿಂದೆ ಇತ್ತು. 1989ರಲ್ಲಿ 39 ಕಾರುಗಳು ಸ್ಪರ್ಧೆಗೆ ಹೆಸರು ನೋಂದಾಯಿಸಿದ್ದವು. ಓಟದಲ್ಲಿ ಸ್ಥಾನವಿದ್ದುದು 26ಕ್ಕೆ ಮಾತ್ರ. ಹೊಸ ಹಾಗೂ ದುರ್ಬಲ ತಂಡಗಳು ಶುಕ್ರವಾರ ಬೆಳಗ್ಗೆ ನಡೆಯುವ ಪೂರ್ವಾರ್ಹತಾ ಸುತ್ತಿನಲ್ಲಿ ತಮ್ಮತಮ್ಮಲ್ಲೇ ಸೆಣಸಬೇಕಾಗಿತ್ತು. ಅಲ್ಲಿ ಸೋತವರು ಗಂಟುಮೂಟೆ ಕಟ್ಟಿ ಊರಿಗೆ ಮರಳುತ್ತಿದ್ದರು.

ಈ ಕಠಿಣ ಜರಡಿಯು ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸಿತು. 1990ರಲ್ಲಿ ಬಂದ ಇಟಲಿಯ ಲೈಫ್ ತಂಡವು 14 ಬಾರಿ ಪ್ರಯತ್ನಿಸಿ ಒಮ್ಮೆಯೂ ಈ ಸುತ್ತನ್ನು ದಾಟಲಿಲ್ಲ. ಅದೇ ಜರಡಿಯ ಮೂಲಕ ಬಂದ ಓನಿಕ್ಸ್ ಎಂಬ ಹೊಸ ತಂಡವು 1989ರಲ್ಲಿ ಪೋರ್ಚುಗಲ್ ಪಂದ್ಯದಲ್ಲಿ ಸ್ಟೆಫಾನ್ ಯೊಹಾನ್ಸನ್ ಮೂಲಕ ಮೂರನೆಯ ಸ್ಥಾನ ಗಳಿಸಿತು. ಐರ್ಲೆಂಡಿನ ಎಡ್ಡಿ ಜೋರ್ಡನ್ 1991ರಲ್ಲಿ ಸ್ಥಾಪಿಸಿದ ತಂಡವೂ ಶುಕ್ರವಾರದ ಆ ಪರೀಕ್ಷೆಯನ್ನು ಎದುರಿಸಿಯೇ ಒಳಬಂದಿತು. ವರ್ಷಾಂತ್ಯಕ್ಕೆ ತಯಾರಕರ ಪಟ್ಟಿಯಲ್ಲಿ ಐದನೆಯದಾಗಿ ನಿಂತಿತು. ಅಷ್ಟೇ ಅಲ್ಲ, ಅದೇ ವರ್ಷ ಬೆಲ್ಜಿಯಂನಲ್ಲಿ ಮೈಕೆಲ್ ಶೂಮಾಕರ್ ಎಂಬ ಜರ್ಮನ್ ಯುವಕನಿಗೆ ಮೊದಲ ಅವಕಾಶ ಕೊಟ್ಟದ್ದೂ ಆ ತಂಡವೇ. ಅಂದು ಬಾಗಿಲಲ್ಲಿ ನಿಂತು, ಈ ಐರಿಷ್ ಮನುಷ್ಯನಿಂದ ಪಂದ್ಯಾವಳಿಗೆ ಬರುವ ಮೌಲ್ಯವೆಷ್ಟು ಎಂದು ಲೆಕ್ಕ ಕೇಳಿದ್ದರೆ ಅವನಲ್ಲಿ ತಕ್ಕ ಉತ್ತರ ಇರುತ್ತಿರಲಿಲ್ಲ.

ತಂಡಗಳ ಸಂಖ್ಯೆ ಕುಗ್ಗಿದ ಮೇಲೆ, 1996ರಲ್ಲಿ, ಶೇಕಡಾ 107ರ ನಿಯಮ ಬಂದಿತು. ಅರ್ಹತಾ ಸುತ್ತಿನಲ್ಲಿ ಅತಿ ವೇಗದ ಕಾರು 100 ಸೆಕೆಂಡುಗಳಲ್ಲಿ ಮುಗಿಸಿದ ಸುತ್ತನ್ನು ಉಳಿದವರು 107 ಸೆಕೆಂಡುಗಳೊಳಗೆ ಮುಗಿಸಬೇಕು, ಇಲ್ಲವಾದರೆ ಓಟವಿಲ್ಲ. 1997ರಲ್ಲಿ ಮಾಸ್ಟರ್‌ಕಾರ್ಡ್ ಪ್ರಾಯೋಜಕತ್ವದೊಂದಿಗೆ ಆಸ್ಟ್ರೇಲಿಯಾಕ್ಕೆ ಬಂದ ಲೋಲಾ ತಂಡದ ಎರಡೂ ಕಾರುಗಳು ಮುಂಚೂಣಿಯ ಕಾರಿಗಿಂತ 11 ಸೆಕೆಂಡಿಗೂ ಹೆಚ್ಚು ಹಿಂದುಳಿದವು. ಮುಂದಿನ ಬ್ರೆಜಿಲ್ ಪಂದ್ಯಕ್ಕೆ ಮುನ್ನವೇ ತಂಡ ಮುಚ್ಚಿತು. ದಶಕಗಳಿಂದ ರೇಸಿಂಗ್ ಕಾರುಗಳನ್ನು ತಯಾರಿಸುತ್ತಿದ್ದ ಪ್ರಸಿದ್ಧ ಸಂಸ್ಥೆಯ ಗತಿ ಇದು. ಹೆಸರು ದೊಡ್ಡದಾದ ಮಾತ್ರಕ್ಕೆ, ಹಣ ಹೂಡುವವರು ದೊಡ್ಡವರಾದ ಮಾತ್ರಕ್ಕೆ ಗಡಿಯಾರವು ರಿಯಾಯಿತಿ ತೋರಲಿಲ್ಲ.

2003ರಲ್ಲಿ ಕೈಬಿಟ್ಟಿದ್ದ ಈ ನಿಯಮವು 2011ರಲ್ಲಿ ಮರಳಿ ಬಂದಾಗ ಅದರ ಮೊದಲ ಪೆಟ್ಟು ತಗುಲಿದ್ದು ಭಾರತದ ನರೇನ್ ಕಾರ್ತಿಕೇಯನ್ ಅವರಿಗೂ ಅವರ ಹಿಸ್ಪಾನಿಯಾ ತಂಡದ ಸಂಗಾತಿಗೂ. ಆಸ್ಟ್ರೇಲಿಯಾದಲ್ಲಿ ಇಬ್ಬರೂ ಅರ್ಹತೆ ಪಡೆಯಲಿಲ್ಲ. ಎರಡು ವಾರಗಳ ತರುವಾಯ ಮಲೇಷ್ಯಾದಲ್ಲಿ ಇಬ್ಬರೂ ನಿಗದಿತ ಸಮಯದೊಳಗೆ ಸುತ್ತು ಮುಗಿಸಿ ಓಟಕ್ಕೆ ನಿಂತರು. ಈ ನಿಯಮದ ಹಿರಿಮೆ ಇರುವುದೇ ಇಲ್ಲಿ. ಅದು ಸೋತವನಿಗೆ ಒಂದು ಭಾನುವಾರವನ್ನು ಮಾತ್ರ ನಿರಾಕರಿಸುತ್ತದೆ. ಮುಂದಿನ ಪಂದ್ಯದಲ್ಲಿ ಮತ್ತೆ ಬಾಗಿಲು ತೆರೆಯುತ್ತದೆ. ಅದರಲ್ಲಿ ಯಾರ ದ್ವೇಷವೂ ಇಲ್ಲ, ಯಾರ ದಾಕ್ಷಿಣ್ಯವೂ ಇಲ್ಲ.

ಠೇವಣಿಯಿಂದ ಪಗಡಿಗೆ

ವೇಗದ ಪರೀಕ್ಷೆಯೊಂದೇ ಸಾಲದು, ಆರ್ಥಿಕ ಬಲದ ಪರೀಕ್ಷೆಯೂ ಬೇಕು ಎಂಬ ಮಾತಿನಲ್ಲಿ ಹುರುಳಿದೆ. ಈ ಕಾರಣಕ್ಕಾಗಿಯೇ 2000ದ ಹೊತ್ತಿಗೆ ಹೊಸ ತಂಡಗಳು 4 ಕೋಟಿ 80 ಲಕ್ಷ ಡಾಲರ್ ಠೇವಣಿ ಇಡಬೇಕೆಂಬ ನಿಬಂಧನೆ ಬಂದಿತು. 2002ರಲ್ಲಿ ಪ್ರವೇಶಿಸಿದ ಟೊಯೊಟಾ ಈ ಠೇವಣಿಯನ್ನು ಇಟ್ಟಿತ್ತು. 2006ಕ್ಕೆ ಹೆಸರು ಕೊಟ್ಟ ಜಪಾನಿನ ಸೂಪರ್ ಅಗುರಿ ತಂಡದ ಅರ್ಜಿಯು ಠೇವಣಿ ಸಕಾಲಕ್ಕೆ ಸಲ್ಲದ ಕಾರಣ ಮೊದಲು ತಿರಸ್ಕೃತವಾಗಿ, ಅನಂತರ ಅಂಗೀಕೃತವಾಯಿತು. ಮೊತ್ತ ದೊಡ್ಡದಾದರೂ ಅದು ಸ್ಪರ್ಧೆಯಲ್ಲಿ ಮುಂದುವರಿದಂತೆ ಮರಳಿ ಬರುವ ಹಣವಾಗಿತ್ತು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಅದು ತಂಡದ ಆಸ್ತಿಯ ಬದಿಯಲ್ಲಿ ಕಾಣುವ ಬಾಬು.

2021ರಿಂದ ಜಾರಿಗೆ ಬಂದ ಕಾಂಕಾರ್ಡ್ ಒಪ್ಪಂದದಲ್ಲಿ ಗೊತ್ತುಪಡಿಸಿದ 20 ಕೋಟಿ ಡಾಲರ್ ಶುಲ್ಕದ ಸ್ವರೂಪವೇ ಬೇರೆ. ಹೊಸ ತಂಡವು ತೆರುವ ಈ ಹಣವು ಆಗ ಇದ್ದ ಹತ್ತು ತಂಡಗಳಿಗೆ ಹಂಚಿಕೆಯಾಗತಕ್ಕದ್ದಾಗಿತ್ತು. ಅಂದರೆ ತಂಡವೊಂದಕ್ಕೆ 2 ಕೋಟಿ ಡಾಲರ್. ಬಹುಮಾನದ ಹಣವನ್ನು ಹತ್ತರ ಬದಲು ಹನ್ನೊಂದು ಪಾಲು ಮಾಡುವುದರಿಂದ ಆಗುವ ನಷ್ಟಕ್ಕೆ ಇದು ಪರಿಹಾರವೆಂಬುದು ಸಮರ್ಥನೆ. ಕ್ಯಾಡಿಲಾಕ್ ವಿಷಯದಲ್ಲಿ ಈ ಮೊತ್ತವೇ ಇಮ್ಮಡಿಗೂ ಮಿಗಿಲಾಯಿತು. ಇದು ಠೇವಣಿಯಲ್ಲ, ಪೇಟೆಬೀದಿಯ ವರ್ತಕರು ಪಗಡಿ ಎಂದು ಕರೆಯುವ ಹಣ.

ವಾಣಿಜ್ಯ ಪದವಿಯ ಪಾಠಗಳನ್ನು ಓದಿದವರಿಗೆ ಇದು ಪರಿಚಿತವಾಗಿಯೇ ತೋರುತ್ತದೆ. ಪಾಲುದಾರಿಕೆ ಸಂಸ್ಥೆಗೆ ಹೊಸ ಪಾಲುದಾರನು ಸೇರುವಾಗ ಗುಡ್‌ವಿಲ್ ಎಂದು ಹಣ ತರುತ್ತಾನೆ. ಹಳಬರು ತಾವು ಬಿಟ್ಟುಕೊಟ್ಟ ಲಾಭದ ಅನುಪಾತದಲ್ಲಿ ಅದನ್ನು ಹಂಚಿಕೊಳ್ಳುತ್ತಾರೆ. ಭಾರತೀಯ ಪಾಲುದಾರಿಕೆ ಅಧಿನಿಯಮ, 1932ರ 31ನೆಯ ಪ್ರಕರಣದ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಇರುವ ಎಲ್ಲ ಪಾಲುದಾರರ ಸಮ್ಮತಿಯಿಲ್ಲದೆ ಹೊಸಬರನ್ನು ಸೇರಿಸಿಕೊಳ್ಳುವಂತೆಯೂ ಇಲ್ಲ. ಆದರೆ ಪಾಲುದಾರರು ಒಂದೇ ಮಳಿಗೆಯಲ್ಲಿ ಕುಳಿತು ಒಂದೇ ಲಾಭಕ್ಕಾಗಿ ದುಡಿಯುವವರು. ಒಬ್ಬರನ್ನೊಬ್ಬರು ಸೋಲಿಸುವುದೇ ಕಸುಬಾದವರು ಪಾಲುದಾರರ ಹಕ್ಕನ್ನು ಕೇಳುವುದು ಹೇಗೆ ಒಪ್ಪೀತು? ಫಾರ್ಮುಲಾ ಒನ್ ತನ್ನನ್ನು ವಿಶ್ವ ಚಾಂಪಿಯನ್‌ಷಿಪ್ ಎಂದು ಕರೆದುಕೊಳ್ಳುತ್ತದೆ. ಆ ಬಿರುದು ಬೇಕೆಂದಾದರೆ ವಿಶ್ವಕ್ಕೆ ಬಾಗಿಲು ತೆರೆದಿರಬೇಕು. ಹತ್ತು ಮನೆಗಳ ಸಂಸ್ಥೆಯಾಗಿಯೇ ಇರಬೇಕೆಂದಾದರೆ ಆ ಬಿರುದನ್ನು ಬಿಡಬೇಕು.

ಯುರೋಪಿನ ಆಯೋಗವು ಈ ಇಬ್ಬಗೆಯನ್ನು ಬಹಳ ಹಿಂದೆಯೇ ಗುರುತಿಸಿತ್ತು. ನಿಯಮ ರೂಪಿಸುವವರೇ ಲಾಭ ಪಡೆಯುವವರೂ ಆಗಿರಬಾರದು ಎಂಬ ತತ್ತ್ವದ ಮೇಲೆ, 2001ರಲ್ಲಿ ಎಫ್‌ಐಎ ತನ್ನ ಪಾತ್ರವನ್ನು ನಿಯಂತ್ರಣಕ್ಕೆ ಸೀಮಿತಗೊಳಿಸಿಕೊಂಡಿತು; ವಾಣಿಜ್ಯ ಹಕ್ಕುಗಳು 100 ವರ್ಷಗಳ ಗುತ್ತಿಗೆಯ ಮೇಲೆ ಬರ್ನಿ ಎಕ್ಲ್‌ಸ್ಟನ್ ಅವರ ಸಂಸ್ಥೆಗೆ ಸಂದವು. ನಿಯಂತ್ರಕನನ್ನು ವ್ಯಾಪಾರದಿಂದ ಬೇರ್ಪಡಿಸಿದ್ದು ಸರಿಯಾಯಿತು. ಆದರೆ ಪ್ರವೇಶದ ಕೀಲಿಕೈಗಳಲ್ಲಿ ಒಂದು ವ್ಯಾಪಾರಿಯ ಕೈಯಲ್ಲೇ ಉಳಿದ ಪರಿಣಾಮವನ್ನು 2024ರ ಜನವರಿಯಲ್ಲಿ ಜಗತ್ತು ಕಂಡಿತು.

2010ರ ಪಾಠ

ಹಳೆಯ ತಂಡಗಳ ಪಕ್ಷದಲ್ಲಿ ಬಲವಾದ ವಾದವಿಲ್ಲವೆಂದಲ್ಲ. ಬಾಗಿಲನ್ನು ಅಜಾಗರೂಕತೆಯಿಂದ ತೆರೆದರೆ ಏನಾಗುತ್ತದೆ ಎಂಬುದಕ್ಕೆ 2010 ಸಾಕ್ಷಿ. 4 ಕೋಟಿ ಪೌಂಡುಗಳ ವೆಚ್ಚ ಮಿತಿ ಬರಲಿದೆ ಎಂಬ ಭರವಸೆಯ ಮೇಲೆ ಎಫ್‌ಐಎ 2009ರ ಜೂನ್‌ನಲ್ಲಿ ಕಾಂಪೋಸ್, ಮ್ಯಾನರ್ ಹಾಗೂ ಯುಎಸ್ ಎಫ್1 ತಂಡಗಳನ್ನು ಆಯ್ದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಲೋಟಸ್ ಸೇರಿಕೊಂಡಿತು. ದೊಡ್ಡ ತಂಡಗಳ ವಿರೋಧದಿಂದ ಆ ಮಿತಿ ಬಿದ್ದುಹೋಯಿತು. ಮಿತಿಯನ್ನು ನಂಬಿ ಬಂದವರು ಉಳಿದರು. ಯುಎಸ್ ಎಫ್1 ಒಂದು ಪಂದ್ಯಕ್ಕೂ ಬರಲಿಲ್ಲ. ಕಾಂಪೋಸ್ ಎಂಬುದು ಹಿಸ್ಪಾನಿಯಾ ಆಗಿ 2012ರ ಕೊನೆಗೆ ಮುಚ್ಚಿತು. ಲೋಟಸ್ ಎಂದು ಬಂದು ಕೇಟರ್‌ಹ್ಯಾಮ್ ಎಂದು ಹೆಸರಾದ ತಂಡವು 2014ರಲ್ಲಿ ದಿವಾಳಿ ಆಡಳಿತಕ್ಕೆ ಒಳಪಟ್ಟು, ಅಬುಧಾಬಿಯ ಕೊನೆಯ ಪಂದ್ಯಕ್ಕೆ ಸಾರ್ವಜನಿಕರಿಂದ ಹಣ ಸಂಗ್ರಹಿಸಿ ಹೋಗಿ ಬಂದು, ಕಣ್ಮರೆಯಾಯಿತು. ಈ ಎರಡೂ ತಂಡಗಳು ಒಂದು ಅಂಕವನ್ನೂ ಗಳಿಸಲಿಲ್ಲ.

ಮ್ಯಾನರ್ ತಂಡದ ಅಂತ್ಯವು ಇನ್ನೂ ಚಿಂತನೀಯ. 2016ರಲ್ಲಿ ಒಂದು ಅಂಕದೊಂದಿಗೆ ಅದು ಹತ್ತನೆಯ ಸ್ಥಾನದಲ್ಲಿದ್ದಿತು. ಬ್ರೆಜಿಲ್‌ನ ಮಳೆಯಲ್ಲಿ ಸೌಬರ್ ತಂಡದ ಫೆಲಿಪೆ ನಾಸರ್ ಒಂಬತ್ತನೆಯವರಾಗಿ ಬಂದು 2 ಅಂಕ ಗಳಿಸಿದರು. ಮ್ಯಾನರ್ ಹನ್ನೊಂದಕ್ಕೆ ಜಾರಿತು, ಹತ್ತನೆಯ ಸ್ಥಾನಕ್ಕೆ ಸಲ್ಲುವ ಬಹುಮಾನದ ಹಣ ಕೈತಪ್ಪಿತು. 2017ರ ಜನವರಿಯಲ್ಲಿ ತಂಡ ಮುಚ್ಚಿದಾಗ 212 ಮಂದಿ ನೌಕರಿ ಕಳೆದುಕೊಂಡರು. ಇಂಥ ತಂಡಗಳು ಮುಳುಗುವಾಗ ಅವುಗಳೊಡನೆ ತೊಂದರೆಗೆ ಸಿಲುಕುವವರು ಬಿಡಿಭಾಗ ಮಾಡಿಕೊಟ್ಟು ಬಿಲ್ಲು ಕಳಿಸಿ ಕಾದು ಕುಳಿತ ಸಣ್ಣ ಕಾರ್ಯಾಗಾರಗಳು. ಈ ಪತ್ರಿಕೆಯ ಓದುಗರಿಗೆ ಆ ಕಾಯುವಿಕೆಯನ್ನು ವಿವರಿಸಬೇಕಾಗಿಲ್ಲ.

ಆದರೆ ಪಗಡಿಯು ಈ ರೋಗಕ್ಕೆ ಮದ್ದಲ್ಲ. 45 ಕೋಟಿ ಡಾಲರ್‌ನಲ್ಲಿ ಒಂದು ಕಾಸೂ ಸೋತ ತಂಡದ ಫಿಟ್ಟರ್‌ಗೆ, ಸರಬರಾಜುದಾರನಿಗೆ ತಲುಪುವುದಿಲ್ಲ. ಅದು ಪ್ರತಿಸ್ಪರ್ಧಿಗಳ ಖಾತೆಗೆ ಜಮೆಯಾಗುತ್ತದೆ. ಹೊಸ ತಂಡವು ಕಾರಿಗೆ ಹಾಕಬೇಕಾಗಿದ್ದ ಬಂಡವಾಳವನ್ನು ಪ್ರವೇಶದಲ್ಲೇ ಕಳೆದುಕೊಂಡು ಇನ್ನಷ್ಟು ದುರ್ಬಲವಾಗುತ್ತದೆ. 2010ರ ದೋಷವಿದ್ದುದು ಬಾಗಿಲು ತೆರೆದುದರಲ್ಲಲ್ಲ, ಇಲ್ಲದ ವೆಚ್ಚ ಮಿತಿಯನ್ನು ಇದೆಯೆಂದು ನಂಬಿಸಿ ಕರೆದುದರಲ್ಲಿ. 2021ರಿಂದ 14.5 ಕೋಟಿ ಡಾಲರ್‌ನೊಂದಿಗೆ ಆರಂಭವಾದ ವೆಚ್ಚ ಮಿತಿ ನಿಜವಾಗಿಯೂ ಜಾರಿಯಲ್ಲಿದೆ. ಹೊಸಬರು ಬದುಕಬಹುದಾದ ಕಾಲ ಬಂದಾಗಲೇ ಬಾಗಿಲಿಗೆ ದುಬಾರಿ ಬೀಗ ಬಿದ್ದಿತು.

ಒಂದು ಪೌಂಡಿನ ತಂಡಗಳು

ತಂಡಗಳ ಮೌಲ್ಯವನ್ನು ಹಳಬರೇ ಕಟ್ಟಿ ಬೆಳೆಸಿದರು ಎಂಬ ವಾದವನ್ನೂ ಪರಿಶೀಲಿಸಬೇಕು. 2008ರ ಡಿಸೆಂಬರ್‌ನಲ್ಲಿ ಹೋಂಡಾ ಹಿಂದೆ ಸರಿದಾಗ ರಾಸ್ ಬ್ರಾನ್ ಅದರ ತಂಡವನ್ನು ಹೆಸರಿಗೆ ಒಂದು ಪೌಂಡ್ ಕೊಟ್ಟು ಪಡೆದರು. 2009ರಲ್ಲಿ ಆ ತಂಡ ಚಾಲಕರ ಹಾಗೂ ತಯಾರಕರ ಪ್ರಶಸ್ತಿಗಳೆರಡನ್ನೂ ಗೆದ್ದಿತು. ಇಂದಿನ ಮರ್ಸಿಡಿಸ್ ತಂಡ ಅದರದೇ ಮುಂದುವರಿಕೆ. 2015ರ ಡಿಸೆಂಬರ್‌ನಲ್ಲಿ ರೆನೋ ಸಂಸ್ಥೆಯೂ ಸಾಲದಲ್ಲಿ ಮುಳುಗಿದ್ದ ಲೋಟಸ್ ಹೆಸರಿನ ಇನ್ನೊಂದು ತಂಡವನ್ನು ಒಂದು ಪೌಂಡಿಗೇ ಕೊಂಡಿತು. ಸ್ಥಾನವು ಒಂದು ಪೌಂಡ್ ಬೆಲೆ ಬಾಳುತ್ತಿದ್ದಾಗ ಗುಡ್‌ವಿಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ.

ಮೇಲೆ ಹೇಳಿದ ಜೋರ್ಡನ್ ತಂಡದ ಕಥೆ ಬೆಂಗಳೂರಿಗೂ ಬಂದು ಹೋಗಿದೆ. 2006ರಲ್ಲಿ ಮಿಡ್‌ಲ್ಯಾಂಡ್, 2007ರಲ್ಲಿ ಸ್ಪೈಕರ್ ಎನಿಸಿಕೊಂಡ ಆ ತಂಡವನ್ನು ಯುಬಿ ಸಮೂಹದ ವಿಜಯ್ ಮಲ್ಯ ಪಾಲುದಾರರೊಡನೆ ಕೊಂಡು 2008ರಿಂದ ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. 2009ರಲ್ಲಿ ಬೆಲ್ಜಿಯಂನಲ್ಲಿ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಮೊದಲ ಸಾಲಿನ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾಗಿ ಮುಗಿಸಿದರು. 2016 ಮತ್ತು 2017ರಲ್ಲಿ ತಂಡವು ತಯಾರಕರ ಪಟ್ಟಿಯಲ್ಲಿ ನಾಲ್ಕನೆಯದಾಯಿತು. ಆದರೆ ಮಾಲೀಕರ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರಲ್ಲಿ ಹಾರಾಟ ನಿಲ್ಲಿಸಿತ್ತು; ಹಣದ ಮೂಲಗಳು ಬತ್ತಿದ್ದವು. 2018ರ ಜುಲೈನಲ್ಲಿ ಬಾಕಿ ಬರಬೇಕಾಗಿದ್ದ ಚಾಲಕ ಸರ್ಜಿಯೊ ಪೆರೆಸ್ ಅವರೇ ಸಾಲಿಗರಾಗಿ ನ್ಯಾಯಾಲಯಕ್ಕೆ ಹೋಗಿ ತಂಡವನ್ನು ದಿವಾಳಿ ಆಡಳಿತಕ್ಕೆ ಒಪ್ಪಿಸಿದರು. ಸುಮಾರು 400 ಮಂದಿಯ ಉದ್ಯೋಗ ಉಳಿಸಲು ಅದೊಂದೇ ದಾರಿಯೆಂದು ಅವರ ವಿವರಣೆ. ಲಾರೆನ್ಸ್ ಸ್ಟ್ರೋಲ್ ನೇತೃತ್ವದವರು ಕೊಂಡ ಆ ತಂಡವೇ 2021ರಿಂದ ಆಸ್ಟನ್ ಮಾರ್ಟಿನ್.

ಈ ಇತಿಹಾಸದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮಾಲೀಕನು ಅಸಮರ್ಥನಾದರೂ ತಂಡ ಸಮರ್ಥವಾಗಿರಬಹುದು. ಆದುದರಿಂದ ಅರ್ಜಿದಾರನ ಐಶ್ವರ್ಯವನ್ನು ನೋಡಿ ಅರ್ಹತೆಯನ್ನು ಅಳೆಯುವುದು ಅಪೂರ್ಣ ಅಳತೆ. ಇಂದು ಕೋಟಿ ಕೋಟಿ ಬಾಳುವ ಸ್ಥಾನಗಳಲ್ಲಿ ಕೆಲವು ಹಿಂದೊಮ್ಮೆ ಶುಕ್ರವಾರದ ಬೆಳಗ್ಗೆ ಗಡಿಯಾರದ ಮುಂದೆ ಕೈಕಟ್ಟಿ ನಿಂತವರಿಂದಲೇ ಬಂದವು.

ಚಾಲಕನ ಅರ್ಹತೆ

ಚಾಲಕರ ವಿಷಯದಲ್ಲಿ ವ್ಯವಸ್ಥೆ ಹೆಚ್ಚು ಸ್ಪಷ್ಟವಾಗಿದೆ. 2016ರಿಂದ ಸೂಪರ್ ಲೈಸೆನ್ಸ್ ಪಡೆಯಲು ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು, ಕೆಳಹಂತದ ಪಂದ್ಯಗಳಲ್ಲಿ ಮೂರು ವರ್ಷಗಳಲ್ಲಿ 40 ಅಂಕ ಗಳಿಸಿರಬೇಕು. 2015ರಲ್ಲಿ ಮ್ಯಾಕ್ಸ್ ವೆರ್ಸ್ಟಾಪನ್ 17ನೆಯ ವಯಸ್ಸಿನಲ್ಲಿ ಓಟಕ್ಕಿಳಿದುದೇ ಈ ಬಿಗಿ ನಿಯಮಕ್ಕೆ ಪ್ರೇರಣೆ. ಆ ಹುಡುಗ 2021ರಿಂದ 2024ರವರೆಗೆ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದನೆಂಬುದು ನಿಯಮದ ವ್ಯಂಗ್ಯ. 2001ರಲ್ಲಿ ಕೇವಲ 23 ಕಾರು ಪಂದ್ಯಗಳ ಅನುಭವದೊಡನೆ ಬಂದ ಕಿಮಿ ರೈಕೊನೆನ್ ಮೊದಲ ಓಟದಲ್ಲೇ ಅಂಕ ಗಳಿಸಿ, 2007ರಲ್ಲಿ ಚಾಂಪಿಯನ್ ಆದರು. ಇತ್ತ 2006ರಲ್ಲಿ ಸೂಪರ್ ಅಗುರಿಯ ಯೂಜಿ ಇಡೆ ಅವರ ಲೈಸೆನ್ಸನ್ನು ನಾಲ್ಕೇ ಪಂದ್ಯಗಳ ಅನಂತರ ಹಿಂಪಡೆಯಲಾಯಿತು. ಕಾಗದದ ಮೇಲಿನ ಅಂಕ ಪ್ರತಿಭೆಯನ್ನು ಪೂರ್ತಿಯಾಗಿ ಹಿಡಿದಿಡಲಾರದು. ಆದರೂ ಅದು ಎಲ್ಲರಿಗೂ ಮೊದಲೇ ತಿಳಿದಿರುವ ಅಳತೆ. 2022ರಲ್ಲಿ ಅಂಕ ಸಾಲದೆ ಹೊರಗುಳಿದ ಅಮೆರಿಕದ ಕೋಲ್ಟನ್ ಹರ್ಟಾ ಅವರಿಗೆ ತಾವೇಕೆ ಹೊರಗುಳಿದೆವೆಂದು ಗೊತ್ತಿತ್ತು. ಆಂಡ್ರೆಟ್ಟಿಯವರಿಗೆ ಆ ಸಮಾಧಾನವೂ ಇರಲಿಲ್ಲ.

ಹಣ ತಂದು ಸ್ಥಾನ ಪಡೆಯುವ ಚಾಲಕರ ಬಗ್ಗೆ ನಿಂದೆಯ ಮಾತು ಹೆಚ್ಚು. ಇಲ್ಲಿಯೂ ವಿವೇಚನೆ ಬೇಕು. ನಿಕಿ ಲೌಡಾ ಬ್ಯಾಂಕ್ ಸಾಲ ಮಾಡಿ 1972ರಲ್ಲಿ ಮಾರ್ಚ್ ತಂಡದಲ್ಲಿ ಸ್ಥಾನ ಪಡೆದವರು. ಮೂರು ಬಾರಿ ವಿಶ್ವ ಚಾಂಪಿಯನ್ ಆದರು. 1991ರಲ್ಲಿ ಶೂಮಾಕರ್ ಅವರ ಮೊದಲ ಓಟಕ್ಕೆ ಹಣ ಕಟ್ಟಿದ್ದು ಮರ್ಸಿಡಿಸ್. ವೆನೆಜುವೆಲಾದ ತೈಲ ಸಂಸ್ಥೆಯ ಬೆಂಬಲದಿಂದ ಬಂದ ಪಾಸ್ತೊರ್ ಮಾಲ್ದೊನಾದೊ 2012ರಲ್ಲಿ ಸ್ಪೇನ್ ಪಂದ್ಯವನ್ನು ಗೆದ್ದರು. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾಗಿ 2005ರಲ್ಲಿ ಜೋರ್ಡನ್ ಕಾರು ಓಡಿಸಿದ ನರೇನ್ ಅವರಿಗೂ ಟಾಟಾ ಪ್ರಾಯೋಜಕತ್ವವಿದ್ದಿತು. ಬೆಂಗಳೂರಿನ ಉದ್ಯಮಿ ಕುಟುಂಬದ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು ಫಾರ್ಮುಲಾ 2ರವರೆಗೆ ಏರಿದ್ದಾರೆ. ಕೋಟ್ಯಂತರ ರೂಪಾಯಿ ವೆಚ್ಚದ ಆ ಮೆಟ್ಟಿಲುಗಳನ್ನು ಬೆಂಬಲವಿಲ್ಲದೆ ಯಾರೂ ಹತ್ತಲಾರರು. ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯಲ್ಲಿ ತೇರ್ಗಡೆಯಾದವನ ತರಬೇತಿ ಶುಲ್ಕವನ್ನು ತಂದೆ ಕಟ್ಟಿದನೋ, ವಿದ್ಯಾರ್ಥಿವೇತನ ಕಟ್ಟಿತೋ ಎಂದು ಯಾರೂ ಕೇಳುವುದಿಲ್ಲ. ಕಕ್ಷಿದಾರರು ಹಂಚಿಹೋಗುವರೆಂದು ಹಳಬರು ತೇರ್ಗಡೆಯನ್ನು ತಡೆಯುವಂತೆಯೂ ಇಲ್ಲ. ಪರೀಕ್ಷೆ ಪ್ರಾಮಾಣಿಕವಾಗಿದ್ದರೆ ಸಾಕು.

ಆಗಬೇಕಾದುದು

ಫಾರ್ಮುಲಾ ಒನ್‌ನ ನಿಯಮಗಳಲ್ಲಿ 26 ಕಾರುಗಳಿಗೆ ಅವಕಾಶವಿದೆ. ಹನ್ನೊಂದು ತಂಡಗಳ 22 ಕಾರುಗಳು ಬಂದರೂ ಇನ್ನೂ ನಾಲ್ಕು ಸ್ಥಾನಗಳು ಖಾಲಿ. ಅವುಗಳನ್ನು ತುಂಬುವ ವಿಧಾನ ನ್ಯಾಯಸಮ್ಮತವಾಗಲು ನಾಲ್ಕು ಸುಧಾರಣೆಗಳು ಅಗತ್ಯ.

ಮೊದಲನೆಯದಾಗಿ, ಪ್ರವೇಶದ ಅಂತಿಮ ತೀರ್ಮಾನವು ಲಾಭದಲ್ಲಿ ಪಾಲಿಲ್ಲದ ನಿಯಂತ್ರಕನದೇ ಆಗಿರಬೇಕು. ಅದಕ್ಕೆ ಬೇಕಾದ ಮಾನದಂಡಗಳನ್ನು ಅರ್ಜಿ ಕರೆಯುವ ಮೊದಲೇ ಪ್ರಕಟಿಸಿರಬೇಕು. ಎರಡನೆಯದಾಗಿ, ಪಗಡಿಯನ್ನು ತೆಗೆದುಹಾಕಿ ಹಿಂದಿನಂತೆ ಠೇವಣಿಯನ್ನು ತರಬೇಕು. ಆ ಠೇವಣಿ ಪ್ರತ್ಯೇಕ ನ್ಯಾಸದಲ್ಲಿದ್ದು, ತಂಡ ಮುಳುಗಿದಲ್ಲಿ ನೌಕರರ ಸಂಬಳಕ್ಕೂ ಸಣ್ಣ ಸರಬರಾಜುದಾರರ ಬಾಕಿಗೂ ಮೊದಲು ಸಲ್ಲಬೇಕು. ತಂಡ ನಿಂತು ಬೆಳೆದಲ್ಲಿ ಕಂತುಗಳಲ್ಲಿ ಮರಳಬೇಕು. 2014ರಲ್ಲಿಯೂ 2017ರಲ್ಲಿಯೂ ಇಂಥ ನಿಧಿ ಇದ್ದಿದ್ದರೆ ನಷ್ಟದ ಹೊರೆ ದುರ್ಬಲರ ಹೆಗಲಿಗೆ ಅಷ್ಟಾಗಿ ಬೀಳುತ್ತಿರಲಿಲ್ಲ. ಮೂರನೆಯದಾಗಿ, ಹಳಬರ ಪಾಲು ಹಠಾತ್ತನೆ ಕುಗ್ಗಬಾರದೆಂಬುದು ನಿಜವಾದ ಕಾಳಜಿಯಾದರೆ, ಹೊಸ ತಂಡವು ಮೊದಲ ಎರಡು ವರ್ಷ ಬಹುಮಾನದ ಹಣದಲ್ಲಿ ಪಾಲು ಕೇಳದಿರಲಿ. ಮೂರನೆಯ ವರ್ಷದಿಂದ ಗಳಿಸಿದ ಸ್ಥಾನಕ್ಕೆ ತಕ್ಕಷ್ಟು ಪಡೆಯಲಿ. ನಾಲ್ಕನೆಯದಾಗಿ, ಶೇಕಡಾ 107ರ ನಿಯಮವನ್ನು ವಿನಾಯಿತಿಗಳಿಲ್ಲದೆ ಹೊಸಬರಿಗೂ ಹಳಬರಿಗೂ ಸಮಾನವಾಗಿ ಅನ್ವಯಿಸಬೇಕು.

ಅರ್ಹತೆ ಎಂಬುದು ಒಮ್ಮೆ ಕೊಂಡು ಪೆಟ್ಟಿಗೆಯಲ್ಲಿಡುವ ಪತ್ರವಲ್ಲ. ಪ್ರತಿ ಪಂದ್ಯದಲ್ಲೂ ಮತ್ತೆ ಸಾಬೀತಾಗಬೇಕಾದುದು. ಹಳಬರಿಗೆ ತಮ್ಮ ವೇಗದ ಮೇಲೆ ನಂಬಿಕೆಯಿದ್ದರೆ ಹೊಸಬರ ಹಣಕ್ಕೆ ಕೈಯೊಡ್ಡುವ ಅಗತ್ಯವಿಲ್ಲ. ವೇಗದಿಂದಲೇ ಅವರನ್ನು ಸೋಲಿಸಿ ತೋರಿಸಬಹುದು.